ರಸೌಲಿಯೋ ಸರ್ತಾನೋ

ಹೈದರಾಬಾದಿನ ಹಳೇ ಊರಿನಲ್ಲಿ ಯಾರ ಮೈಮೇಲಾದರೂ ಗಂಟೊಂದು ಎದ್ದರೆ ಅದಕ್ಕೆ ರಸೌಲಿ ಎನ್ನುತ್ತಾರೆ. ರಸೌಲಿ ಎಂದರೆ ಜನ ಅಷ್ಟಾಗಿ ಬೆದರುವುದಿಲ್ಲ. ತೆಗೆಸಿದರಾಯಿತು, ಇಲ್ಲವೇ ಹಾಗೇ ಇದ್ದರೂ ಆಯಿತು. ಅದೇ ಗಂಟನ್ನು ನೋಡಿ ಡಾಕ್ಟರು ಮಾತು ನಿಲ್ಲಿಸಿದರೆ ಮಾತ್ರ ಹೆಸರು ಬದಲಾಗುತ್ತದೆ: ಸರ್ತಾನ್. ಅರಬಿಯಿಂದ ಬಂದ ಈ ಮಾತಿಗೆ ಮೂಲದಲ್ಲಿ ಏಡಿ ಎಂದೇ ಅರ್ಥ. ಲ್ಯಾಟಿನ್ನಿನ ಕ್ಯಾನ್ಸರ್ ಕೂಡ ಏಡಿ, ಕನ್ನಡದ ಏಡಿಗಂತಿಯೂ ಏಡಿ. ಕನ್ನಡದ ವೈದ್ಯರು ಇವೆರಡನ್ನು ಸಾಧು ಗಡ್ಡೆ, ಮಾರಕ ಗಡ್ಡೆ ಎಂದು ಬೇರೆ ಮಾಡುತ್ತಾರೆ. ಸಾಧು ಎಂಬ ಮಾತು ಹಟ್ಟಿಯಿಂದ ಬಂದಂತಿದೆ. ಹಸು ಕೊಳ್ಳುವವನು ಮೊದಲು ಕೇಳುವುದು ಇದು ಸಾಧುವೋ ಹಾಯುವುದೋ ಎಂದೇ.

ಚರ್ಮದ ಗಂಟನ್ನು ಮುಟ್ಟಿ ನೋಡಬಹುದು. ಮೂಳೆಯ ಗಂಟು ಹಾಗಲ್ಲ. ಅದು ಮಾಂಸದ ಕೆಳಗೆ, ಕೆಲವೊಮ್ಮೆ ಮೂಳೆಯ ಒಳಗೇ ಕೂತಿರುತ್ತದೆ. ಮೊಣಕಾಲಿನ ಹತ್ತಿರ ಒಂದಿಷ್ಟು ನೋವು, ಒಂದಿಷ್ಟು ಬಾವು, ಆಮೇಲೆ ಮೊನ್ನೆ ಕಬಡ್ಡಿಯಲ್ಲಿ ಬಿದ್ದೆನಲ್ಲ ಎಂಬ ನೆನಪು. ಮೊದಲಿಗೆ ಕೈಗೆ ಸಿಗುವ ಸುಳಿವು ಇಷ್ಟೇ. ಈ ಸುಳಿವಿನಿಂದ ಹೊರಟು ಸಾಧುವೋ ಮಾರಕವೋ ಎಂದು ಹೇಳುವ ವಿದ್ಯೆ ಬೆಳೆದು ಬಂದದ್ದಕ್ಕೆ ಸುಮಾರು ಒಂದೂಕಾಲು ಶತಮಾನದ ಚರಿತ್ರೆಯಿದೆ. ಅದರಲ್ಲಿ ಹೈದರಾಬಾದಿಗೂ ಅದನ್ನೇ ದೊಡ್ಡೂರೆಂದು ನಂಬಿದ ಬೀದರ್, ಕಲಬುರಗಿ, ರಾಯಚೂರಿನವರಿಗೂ ಒಂದು ಪಾಲಿದೆ.

ಹಿಂದಿನವರಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ ಎಂದಲ್ಲ. ಸುಶ್ರುತ ಸಂಹಿತೆ ಗ್ರಂಥಿಯನ್ನೂ ಅರ್ಬುದವನ್ನೂ ಬೇರೆ ಬೇರೆ ಎಂದೇ ವಿವರಿಸುತ್ತದೆ. ಅರ್ಬುದ ದುಂಡಗಿರುತ್ತದೆ, ದೊಡ್ಡದಾಗಿರುತ್ತದೆ, ಬೇರು ಆಳಕ್ಕಿಳಿದಿರುತ್ತದೆ, ಒತ್ತಿದರೆ ಅಲುಗುವುದಿಲ್ಲ, ಕೀವಾಗುವುದಿಲ್ಲ. ಒಂದರ ಮೇಲೊಂದು ಹುಟ್ಟಿದರೆ ಅದು ಅಧ್ಯರ್ಬುದ. ಕೀವಾಗುವುದಿಲ್ಲ ಎಂಬ ಲಕ್ಷಣದಲ್ಲಿ ಒಳ್ಳೆಯ ಕಣ್ಣಿದೆ. ಅರ್ಬುದ ನಿಧಾನವಾಗಿ ಬೆಳೆಯುತ್ತದೆ ಎಂದದ್ದನ್ನು ಮಾತ್ರ ಇಂದಿನ ವೈದ್ಯರು ಒಪ್ಪಲಾರರು. ಹದಿಹರೆಯದವರ ತೊಡೆಮೂಳೆಯಲ್ಲಿ ಹುಟ್ಟುವ ಆಸ್ಟಿಯೋಸಾರ್ಕೋಮ ಎಂಬ ಮಾರಕ ಗಡ್ಡೆ ವಾರಗಳಲ್ಲಿ ಊದಿಕೊಳ್ಳುವುದನ್ನು ಅವರು ನೋಡಿರುತ್ತಾರೆ.

ಹೈದರಾಬಾದಿನಲ್ಲಿ ಇಂಗ್ಲಿಷ್ ವೈದ್ಯದ ಶಾಲೆ ಶುರುವಾದದ್ದು 1846ರಲ್ಲಿ. ಮೂಸಿ ನದಿಯ ದಂಡೆಯ ಅಫ್ಜಲ್‌ಗಂಜ್ ಆಸ್ಪತ್ರೆಗೆ ಲೋಕದ ಕಣ್ಣು ಬಿದ್ದದ್ದು 1880ರ ದಶಕದ ಕೊನೆಯಲ್ಲಿ, ಕ್ಲೋರೋಫಾರ್ಮಿನ ದೆಸೆಯಿಂದ. ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿಗೆ ಒಂದು ಹಟ: ಕ್ಲೋರೋಫಾರ್ಮ್ ಕೊಂದರೆ ಉಸಿರು ನಿಲ್ಲಿಸಿ ಕೊಲ್ಲುತ್ತದೆಯೇ ಹೊರತು ಹೃದಯವನ್ನಲ್ಲ. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಹಣ ಕೊಟ್ಟ. ಅದನ್ನು ಪರೀಕ್ಷಿಸಲು 1888ರಲ್ಲಿ ಒಂದು ಆಯೋಗ, ಮರುವರ್ಷ ಇನ್ನೊಂದು. ಎರಡನೆಯದಕ್ಕೆ ಲಂಡನ್ನಿನಿಂದ ಔಷಧತಜ್ಞ ಲಾಡರ್ ಬ್ರಂಟನ್ ಬಂದರು. ಈ ಶಾಲೆಯಲ್ಲೇ ಕಲಿತ ರೂಪಾಬಾಯಿ ಫರ್ದೂನ್‌ಜಿ ಅರಿವಳಿಕೆ ಕೊಡುವುದನ್ನೇ ವೃತ್ತಿ ಮಾಡಿಕೊಂಡ ಮೊದಲ ಹೆಂಗಸರಲ್ಲಿ ಒಬ್ಬರು. ಲಾರಿಯ ಹಟ ಮುಂದೆ ಸುಳ್ಳಾಯಿತು. ಆದರೂ ರೋಗಿಗೆ ಎಚ್ಚರವಿಲ್ಲದೆ ಕಾಲು ಕತ್ತರಿಸುವುದು ಈ ಊರಿನಲ್ಲಿ ಮಾಮೂಲಾದದ್ದು ಆ ಕಾಲದಲ್ಲೇ.

ಕತ್ತರಿಸುವುದು ಸಲೀಸಾಯಿತು. ಯಾವುದನ್ನು ಕತ್ತರಿಸಬೇಕು ಎಂಬುದಕ್ಕೆ ಉತ್ತರ ಇರಲಿಲ್ಲ. ಕಾಲು ಊದಿದೆ, ಮೂಳೆ ಗಟ್ಟಿಯಾಗಿ ಉಬ್ಬಿದೆ, ನೋವಿದೆ, ತೆಗೆದುಬಿಡಿ. ಅದು ಕ್ಷಯವೋ, ಕೀವೋ, ಸಾಧು ಗಡ್ಡೆಯೋ, ಸಾರ್ಕೋಮವೋ ಎಂಬುದು ತೆಗೆದ ಕಾಲನ್ನು ಸೀಳಿದಾಗಲೇ ಗೊತ್ತಾಗುವುದು, ಅದೂ ನೋಡುವವರಿದ್ದರೆ. ರಾಂಟ್‌ಗೆನ್ 1895ರ ನವೆಂಬರಿನಲ್ಲಿ ಎಕ್ಸ್-ರೇ ಕಂಡುಹಿಡಿದ ಮೇಲೆ ಮೊದಲ ಬಾರಿಗೆ ಬದುಕಿರುವವನ ಮೂಳೆ ಕಣ್ಣಿಗೆ ಬಿತ್ತು.

1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಅಫ್ಜಲ್‌ಗಂಜ್ ಆಸ್ಪತ್ರೆಯನ್ನೇ ಕೊಚ್ಚಿಕೊಂಡು ಹೋಯಿತು. ಆಸ್ಪತ್ರೆಯ ಅಂಗಳದ ಹುಣಸೆಮರ ಹತ್ತಿದ ನೂರೈವತ್ತು ಮಂದಿ ಬದುಕಿದರೆಂದು ಊರವರು ಈಗಲೂ ಹೇಳುತ್ತಾರೆ. ಮರ ಇನ್ನೂ ನಿಂತಿದೆ. ನೆರೆ ತಡೆಯುವ ಉಪಾಯ ಹೇಳಲು ನಿಜಾಮ ಸರ್ಕಾರ ಕರೆಸಿಕೊಂಡದ್ದು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯ ಫಲ ಉಸ್ಮಾನ್ ಸಾಗರ, ಹಿಮಾಯತ್ ಸಾಗರ. ಹಳೆಯ ಆಸ್ಪತ್ರೆಯಿದ್ದಲ್ಲಿ ವಿನ್ಸೆಂಟ್ ಎಶ್ ವಿನ್ಯಾಸ ಮಾಡಿದ ಗುಮ್ಮಟಗಳ ಉಸ್ಮಾನಿಯಾ ಆಸ್ಪತ್ರೆ ಎದ್ದಿತು. ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿ ಪಾಠ ಹೇಳಲು ಹೊರಟಿತ್ತು. ಅದಕ್ಕಾಗಿ ಕಟ್ಟಿದ ದಾರುಲ್ ತರ್ಜುಮಾ ಎಂಬ ಭಾಷಾಂತರ ಇಲಾಖೆ ಶಾಸ್ತ್ರಗ್ರಂಥಗಳನ್ನು ಉರ್ದುವಿಗೆ ತಂದಿತು. ಭಾರತದ ಭಾಷೆಯೊಂದರಲ್ಲಿ ಡಾಕ್ಟರಿಕೆ ಕಲಿಸಬಹುದೆಂದು ಮಾಡಿ ತೋರಿಸಿದ ಊರು ಇದು. ಕನ್ನಡಿಗರು ಇದನ್ನು ಒಂದಿಷ್ಟು ಹೊಟ್ಟೆಕಿಚ್ಚಿನಿಂದಲೇ ನೆನೆಯಬೇಕು.

ಅತ್ತ ಉಸ್ಮಾನಿಯಾದ ಗುಮ್ಮಟಗಳು ಏಳುತ್ತಿದ್ದ ಕಾಲಕ್ಕೇ ಬಾಸ್ಟನ್ನಿನಲ್ಲಿ ಅರ್ನೆಸ್ಟ್ ಕಾಡ್ಮನ್ ಎಂಬ ಜಗಳಗಂಟ ಸರ್ಜನ್ ಒಂದು ವಿಚಿತ್ರ ಕೆಲಸಕ್ಕೆ ಕೈಹಾಕಿದ. ಪ್ರತಿ ಆಸ್ಪತ್ರೆಯೂ ತನ್ನ ಕೈಯಲ್ಲಿ ರೋಗಿ ಏನಾದನೆಂದು ವರ್ಷ ಕಳೆದ ಮೇಲೂ ಲೆಕ್ಕ ಕೊಡಬೇಕೆಂದು ಹಟ ಹಿಡಿದು, 1915ರಲ್ಲಿ ವ್ಯಂಗ್ಯಚಿತ್ರ ತೋರಿಸಿ ಸಹೋದ್ಯೋಗಿಗಳ ಸಿಟ್ಟಿಗೆ ಗುರಿಯಾದವನು ಆತ. 1920ರ ಸುಮಾರಿಗೆ ಮೂಳೆ ಸಾರ್ಕೋಮದ ರಿಜಿಸ್ಟ್ರಿ ಶುರು ಮಾಡಿ, ದೇಶದ ಸರ್ಜನ್‌ಗಳೆಲ್ಲ ತಮ್ಮ ರೋಗಿಗಳ ಎಕ್ಸ್-ರೇ, ಸ್ಲೈಡು, ಚರಿತ್ರೆ ಕಳಿಸಬೇಕೆಂದ. ಬಂದದ್ದನ್ನು ಜೋಡಿಸಿ ನೋಡಿದರೆ ಗೊಂದಲವೇ ಗೊಂದಲ. ಒಬ್ಬ ಸಾರ್ಕೋಮ ಎಂದದ್ದು ಇನ್ನೊಬ್ಬನಿಗೆ ಸೋಂಕು. ಗುಣವಾದ ಸಾರ್ಕೋಮ ಎಂದು ಬೀಗಿದ್ದು ಮೊದಲಿಗೇ ಸಾರ್ಕೋಮ ಆಗಿರಲಿಲ್ಲ. ಗಡ್ಡೆ ಒಳಗಿನಿಂದ ನುಗ್ಗಿ ಮೂಳೆಯ ಹೊರಪೊರೆಯನ್ನು ಎತ್ತಿದಾಗ ಅಂಚಿನಲ್ಲಿ ಕಾಣುವ ಮುಕ್ಕೋನಕ್ಕೆ ಇಂದಿಗೂ ಕಾಡ್ಮನ್ ತ್ರಿಕೋನ ಎಂದೇ ಹೆಸರು. ಅದು ಕಂಡಮಾತ್ರಕ್ಕೆ ಕ್ಯಾನ್ಸರ್ ಅಲ್ಲ, ಜೋರಾದ ಕೀವಿನಲ್ಲೂ ಕಾಣಬಹುದು ಎಂದು ಮೇಷ್ಟ್ರುಗಳು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಹೇಳಬೇಕಾಗುತ್ತದೆ.

ಮೂಳೆಯ ಫಿಲ್ಮ್ ಓದುವುದನ್ನು ಹತ್ತಿರ ನಿಂತು ನೋಡಬೇಕು. ಬೆಳಕಿನ ಡಬ್ಬಿಗೆ ಫಿಲ್ಮ್ ಸಿಕ್ಕಿಸಿದ ಮೇಲೆ ಪಳಗಿದ ರೇಡಿಯಾಲಜಿಸ್ಟು ಮೊದಲು ಗಡ್ಡೆಯನ್ನು ನೋಡುವುದಿಲ್ಲ, ಮೂಲೆಯಲ್ಲಿ ಬರೆದ ವಯಸ್ಸನ್ನು ನೋಡುತ್ತಾರೆ. ಹದಿನಾಲ್ಕೋ ಮೂವತ್ತೋ ಅರವತ್ತೋ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ. ಆಮೇಲೆ ಜಾಗ: ಮೂಳೆಯ ತುದಿಯೇ, ತುದಿಯ ಪಕ್ಕದ ಅಗಲವಾದ ಭಾಗವೇ, ನಡುಗಂಬವೇ? ಆಮೇಲೆ ಅಂಚು. ಸಾಧು ಗಡ್ಡೆ ನಿಧಾನವಾಗಿ ಬೆಳೆಯುವುದರಿಂದ ಮೂಳೆಗೆ ಬೇಲಿ ಕಟ್ಟಲು ಪುರಸೊತ್ತು ಸಿಗುತ್ತದೆ. ಸುತ್ತ ತೆಳ್ಳಗಿನ ಬಿಳಿಗೆರೆ, ಪೆನ್ಸಿಲ್ಲಿನಲ್ಲಿ ಬಳಿದಂತೆ. ಮಾರಕವಾದದ್ದು ಬೇಲಿ ಕಟ್ಟಲು ಬಿಡುವುದಿಲ್ಲ. ಅಂಚು ಗೆದ್ದಲು ತಿಂದ ಹಲಗೆಯಂತೆ, ಎಲ್ಲಿ ಶುರು ಎಲ್ಲಿ ಕೊನೆ ತಿಳಿಯದು. ಹೊರಪೊರೆ ಈರುಳ್ಳಿಯಂತೆ ಪದರ ಪದರವಾಗಿ ಎದ್ದಿದೆಯೇ, ಸೂರ್ಯನ ಕಿರಣದಂತೆ ಕಡ್ಡಿ ಕಡ್ಡಿಯಾಗಿ ಎದ್ದಿದೆಯೇ ಎಂದು ಹುಡುಕುವುದು ಕೊನೆಗೆ. ಅಂಚಿನ ಈ ವ್ಯಾಕರಣವನ್ನು ವ್ಯವಸ್ಥಿತಗೊಳಿಸಿದವರಲ್ಲಿ ಅಮೆರಿಕದ ಗ್ವಿಲಿಮ್ ಲಾಡ್ವಿಕ್ ಮುಖ್ಯರು. ಮೂಳೆ ಗಡ್ಡೆಯನ್ನು ಕಂಪ್ಯೂಟರಿನಿಂದ ಗುರುತಿಸುವ ಪ್ರಯತ್ನವನ್ನು ಅವರು 1963ರಲ್ಲೇ ಪ್ರಕಟಿಸಿದ್ದರು. ಎಐ ಬಂದು ಎಲ್ಲವನ್ನೂ ಹೇಳಿಬಿಡುತ್ತದೆ ಎನ್ನುವವರು ಆ ಇಸವಿಯನ್ನು ಗಮನಿಸಬೇಕು.

ಸ್ವಾತಂತ್ರ್ಯದ ನಂತರ ಹೈದರಾಬಾದಿನಲ್ಲಿ ಈ ವಿದ್ಯೆ ಮೂರು ಕಡೆ ಹಂಚಿಹೋಯಿತು. ಅಫ್ಜಲ್‌ಗಂಜಿನ ಉಸ್ಮಾನಿಯಾದಲ್ಲಿ ಸರ್ಜನ್‌ಗಳ ದೊಡ್ಡ ಪಡೆ. 1955ರಲ್ಲಿ ರೆಡ್‌ಹಿಲ್ಸ್‌ನಲ್ಲಿ ಕ್ಯಾನ್ಸರ್ ಆಸ್ಪತ್ರೆ ಶುರುವಾಯಿತು. ಅದಕ್ಕೆ ಮೆಹದಿ ನವಾಜ್ ಜಂಗ್ ಅವರ ಹೆಸರು. ಹೈದರಾಬಾದ್ ರಾಜ್ಯದ ಮಂತ್ರಿಯಾಗಿದ್ದು 1960ರಲ್ಲಿ ಗುಜರಾತಿನ ಮೊದಲ ರಾಜ್ಯಪಾಲರಾದವರು. ಜನ ಇಂದಿಗೂ ಆ ಆಸ್ಪತ್ರೆಯನ್ನು ಎಂಎನ್‌ಜೆ ಎಂದೇ ಕರೆಯುತ್ತಾರೆ. 1960ರ ದಶಕದಲ್ಲಿ ನಿಜಾಮ್ ಟ್ರಸ್ಟಿನ ಹಣದಿಂದ ಪಂಜಗುಟ್ಟದಲ್ಲಿ ಮೂಳೆಗೆಂದೇ ಒಂದು ಆಸ್ಪತ್ರೆ ಬಂತು. ಮುಂದೆ ನಿಮ್ಸ್ ಆದದ್ದು ಅದೇ. ಅಲ್ಲಿನ ಮೂಳೆ ವೈದ್ಯರೊಬ್ಬರು ಕ್ಷಿಪಣಿ ಪ್ರಯೋಗಾಲಯಕ್ಕೆ ಹೋಗಿ, ಅಗ್ನಿ ಕ್ಷಿಪಣಿಗೆ ಬಳಸಿದ ಹಗುರ ವಸ್ತುವನ್ನು ಕಂಡು, ಮಕ್ಕಳ ಕಾಲಿಗೆ ಕಟ್ಟುವ ಮೂರು ಕಿಲೋ ತೂಕದ ಕ್ಯಾಲಿಪರನ್ನು ಮುನ್ನೂರು ಗ್ರಾಮಿಗೆ ಇಳಿಸಿದ ಕಥೆಯನ್ನು ಅಬ್ದುಲ್ ಕಲಾಂ ಹೋದಲ್ಲೆಲ್ಲ ಹೇಳುತ್ತಿದ್ದರು.

ಕತ್ತಿ ಒಂದು ಕಡೆ, ವಿಕಿರಣ ಇನ್ನೊಂದು ಕಡೆ, ಮೂಳೆಯ ತಿಳಿವಳಿಕೆ ಮತ್ತೊಂದು ಕಡೆ. ಮೂಳೆ ಗಡ್ಡೆಗೆ ಮೂರೂ ಬೇಕು. ಅದನ್ನು ಗುರುತಿಸುವುದಕ್ಕೂ ಒಂದೇ ಕಣ್ಣು ಸಾಲದು. ನ್ಯೂಯಾರ್ಕಿನ ಹೆನ್ರಿ ಜಾಫೆ, 1935ರಲ್ಲಿ ಆಸ್ಟಿಯಾಯ್ಡ್ ಆಸ್ಟಿಯೋಮ ಎಂಬ ಪುಟ್ಟ ಸಾಧು ಗಡ್ಡೆಯನ್ನು ಬಿಡಿಸಿ ತೋರಿಸಿದ ಪ್ಯಾಥಾಲಜಿಸ್ಟ್, ಸ್ಲೈಡೊಂದನ್ನೇ ನಂಬಬಾರದು, ರೋಗಿಯನ್ನೂ ಫಿಲ್ಮನ್ನೂ ಪಕ್ಕದಲ್ಲಿಟ್ಟುಕೊಂಡೇ ನೋಡಬೇಕೆಂದು ಕಲಿಸಿದ ಪರಂಪರೆಯವನು. ಮುರಿದು ಕೂಡುತ್ತಿರುವ ಮೂಳೆ ಸೂಕ್ಷ್ಮದರ್ಶಕದ ಕೆಳಗೆ ಸಾರ್ಕೋಮದಂತೆಯೇ ಕಾಣಬಲ್ಲದು. ಆರು ವಾರದ ಹಿಂದೆ ಹುಡುಗ ಬಿದ್ದಿದ್ದನೇ ಎಂಬ ಒಂದು ಮಾತು ಗೊತ್ತಿಲ್ಲದ ಪ್ಯಾಥಾಲಜಿಸ್ಟ್ ಒಂದು ಕಾಲಿಗೆ ಸಂಚಕಾರ ತಂದಾನು.

ಉಲ್ಟಾ ತಪ್ಪೂ ಉಂಟು. ಹಳೇ ಊರಿನ ತಾಲೀಮುಗಳಿಂದ ಬಂದ ಪೈಲ್ವಾನರು ಉಳುಕು ತೆಗೆದು ಮೂಳೆ ಕೂಡಿಸುವುದು ಹಳೆಯ ರೂಢಿ. ಅದರ ಜತೆಗೆ ಮೂಳೆ ಕೂಡಿಸುವ ಪುತ್ತೂರು ಕಟ್ಟಿನ ಬೋರ್ಡುಗಳು. ಅವರಲ್ಲಿ ಕೈ ಪಳಗಿದವರಿದ್ದಾರೆ, ಬಡವರಿಗೆ ಕಡಿಮೆ ಖರ್ಚಿನಲ್ಲಿ ಆಗುವವರೂ ಅವರೇ. ಆದರೆ ಬಿದ್ದ ನೆಪದಲ್ಲಿ ಬೆಳಕಿಗೆ ಬಂದ ಸಾರ್ಕೋಮವನ್ನು ಉಳುಕೆಂದು ಎಣ್ಣೆ ಹಚ್ಚಿ ನೀವಿದರೆ ಕಳೆದುಹೋಗುವುದು ಅಮೂಲ್ಯವಾದ ತಿಂಗಳುಗಳು. ಪೈಲ್ವಾನರನ್ನೇ ಬೈಯುವಂತೆಯೂ ಇಲ್ಲ, ಓದಿದವರೂ ಹೀಗೆ ಮೋಸ ಹೋಗಿದ್ದಾರೆ. ಕೆನಡಾದ ಆಲ್ಬರ್ಟಾದಲ್ಲಿ 1989ರಲ್ಲಿ ಸಿಕ್ಕ ಸೆಂಟ್ರೊಸಾರಸ್ ಡೈನೊಸಾರಿನ ಕಾಲಿನ ಮೂಳೆಯೊಂದು ಉಬ್ಬಿಕೊಂಡಿತ್ತು. ಮುರಿದು ಕೂಡಿದ ಮೂಳೆ ಎಂದುಕೊಂಡು ಮ್ಯೂಸಿಯಂನವರು ಎತ್ತಿಟ್ಟಿದ್ದರು. ಮೂಳೆ ಸರ್ಜನ್, ರೇಡಿಯಾಲಜಿಸ್ಟ್, ಪ್ಯಾಥಾಲಜಿಸ್ಟ್ ಎಲ್ಲ ಕೂಡಿ ಸ್ಕ್ಯಾನ್ ಮಾಡಿ, ಹೋಳು ಕತ್ತರಿಸಿ ನೋಡಿ, 2020ರಲ್ಲಿ ಅದು 7.6 ಕೋಟಿ ವರ್ಷ ಹಳೆಯ ಆಸ್ಟಿಯೋಸಾರ್ಕೋಮ ಎಂದು ಪ್ರಕಟಿಸಿದರು.

ಹೈದರಾಬಾದಿನ ಮೂಳೆ ವೈದ್ಯರಿಗೆ ಮೋಸ ಮಾಡುವ ವೇಷಧಾರಿಗಳು ಇನ್ನೂ ಇವೆ. ಮೊದಲನೆಯದು ಕ್ಷಯ. ಬೀದರ್‌ನಿಂದ ಬರುವ ರೈಲು ವಿಕಾರಾಬಾದಿನ ಮೇಲೆ ಹಾಯುತ್ತದೆ. ಅಲ್ಲಿನ ಅನಂತಗಿರಿ ಗುಡ್ಡದ ಕ್ಷಯ ಆಸ್ಪತ್ರೆಯ ಹೆಸರು ಬೀದರ್ ಕಡೆಯ ಹಳಬರಿಗೆಲ್ಲ ಗೊತ್ತು. ಬೆನ್ನೆಲುಬು ಸವೆದು ಬಂದ ಮುದುಕನಿಗೆ ಕ್ಷಯವೋ, ಬೇರೆಲ್ಲೋ ಹುಟ್ಟಿ ಬೆನ್ನೆಲುಬಿಗೆ ಹರಡಿದ ಕ್ಯಾನ್ಸರೋ? ಕ್ಷಯ ಎರಡು ಮಣಿಗಳ ನಡುವಿನ ಮೆತ್ತೆಯನ್ನೂ ತಿನ್ನುತ್ತದೆ, ಕ್ಯಾನ್ಸರ್ ಸಾಮಾನ್ಯವಾಗಿ ಮೆತ್ತೆಯನ್ನು ಬಿಟ್ಟು ಮಣಿಯನ್ನು ತಿನ್ನುತ್ತದೆ ಎಂಬುದು ಹಳೆಯ ಗುರುತು. ಎರಡನೆಯದು ಕೀವು. 1921ರಲ್ಲಿ ಜೇಮ್ಸ್ ಯೂಯಿಂಗ್ ವರ್ಣಿಸಿದ ಮಾರಕ ಗಡ್ಡೆ ಮಕ್ಕಳಲ್ಲಿ ಜ್ವರ ತರುತ್ತದೆ, ಚರ್ಮ ಬಿಸಿ ಮಾಡುತ್ತದೆ, ಕೊಯ್ದರೆ ಕೀವಿನಂಥದ್ದೇ ಹೊರಬರುತ್ತದೆ. ಅದಕ್ಕೇ ಬಯಾಪ್ಸಿ ಮಾಡಿದವರು ಒಂದು ತುಣುಕನ್ನು ಸೋಂಕಿನ ಪರೀಕ್ಷೆಗೂ, ಕೀವು ತೆಗೆದವರು ಒಂದು ತುಣುಕನ್ನು ಪ್ಯಾಥಾಲಜಿಗೂ ಕಳಿಸುವುದು.

ಮೂರನೆಯದು ಹೈದರಾಬಾದಿನ ಸುತ್ತಣ ಸೀಮೆಯದೇ ವಿಶೇಷ. ನೀರಿನ ಫ್ಲೋರೈಡಿನಿಂದ ಮೂಳೆ ಕೆಡುವ ಫ್ಲೋರೋಸಿಸ್ ನೆಲ್ಲೂರು ಕಡೆ ಇರುವ ಬಗ್ಗೆ ಶಾರ್ಟ್ ಮತ್ತು ಸಂಗಡಿಗರು 1937ರಲ್ಲಿ ಬರೆದರು. ನಿಜಾಮನ ರಾಜ್ಯದ ನಲ್ಗೊಂಡ ಅದಕ್ಕಿಂತ ಹೆಚ್ಚು ಹೆಸರಾಯಿತು. ನೀರಿನ ಫ್ಲೋರೈಡನ್ನು ಪಟಿಕ, ಸುಣ್ಣ ಹಾಕಿ ತೆಗೆಯುವ ವಿಧಾನಕ್ಕೆ ಆ ಊರಿನದೇ ಹೆಸರು. ಕೂನೂರಿನಿಂದ 1958ರಲ್ಲಿ ಹೈದರಾಬಾದಿಗೆ ಬಂದ ಪೌಷ್ಟಿಕಾಂಶ ಸಂಸ್ಥೆಯವರು 1973ರಲ್ಲಿ ಇದೇ ರೋಗದ ಸೀಮೆಯ ಮಕ್ಕಳ ಮೊಣಕಾಲು ಒಳಕ್ಕೆ ಬಾಗುವುದನ್ನು ವರದಿ ಮಾಡಿದರು. ರಾಯಚೂರು, ಕೊಪ್ಪಳದ ಬಾವಿಗಳಲ್ಲೂ ಇದೇ ನೀರು. ವರ್ಷಗಟ್ಟಲೆ ಕುಡಿದವನ ಮೂಳೆ ಎಕ್ಸ್-ರೇಯಲ್ಲಿ ಸುಣ್ಣ ಬಳಿದಂತೆ ಬೆಳ್ಳಗೆ ಹೊಳೆಯುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದಾಗಲೂ ಹಾಗೆಯೇ ಬೆಳ್ಳಗೆ. ಅರವತ್ತೈದರ ರೈತನ ಸೊಂಟದ ಫಿಲ್ಮ್ ಒಂದನ್ನೇ ನೋಡಿ ಹೇಳುವುದು ಕಷ್ಟ. ಆಗ ತಿಳಿದವರು ಮುಂಗೈಯ ಫಿಲ್ಮ್ ತೆಗೆಸುತ್ತಾರೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಗಟ್ಟಿಯಾಗಿ ಮುಳ್ಳಿನಂತೆ ಚಾಚಿಕೊಂಡಿದ್ದರೆ ಅದು ನೀರಿನ ಕೆಲಸ. ಹೊರಗಿನ ಪುಸ್ತಕ ಓದಿ ಬಂದವರು ಈ ಮುಂಗೈ ವಿದ್ಯೆಯನ್ನು ಇಲ್ಲಿನ ಹಳಬರಿಂದಲೇ ಕಲಿಯುತ್ತಾರೆ.

ಇನ್ನು ಸಾಧು ಎನಿಸಿಕೊಂಡೇ ಹಾಯುವ ಹಸು: ಜೈಂಟ್ ಸೆಲ್ ಗಡ್ಡೆ. ಆಸ್ಟ್ಲಿ ಕೂಪರ್ 1818ರಷ್ಟು ಹಿಂದೆಯೇ ಇದನ್ನು ಕಂಡಿದ್ದ. ಇಪ್ಪತ್ತರಿಂದ ನಲವತ್ತರ ವಯಸ್ಸಿನವರಿಗೆ, ಹೆಚ್ಚಾಗಿ ಮೊಣಕಾಲಿನ ಕೀಲಿಗೆ ತಾಗಿದಂತೆ ಬರುತ್ತದೆ. ಫಿಲ್ಮಿನಲ್ಲಿ ಸೋಪಿನ ನೊರೆಯಂತೆ ಕಾಣುವುದುಂಟು. ಪಶ್ಚಿಮ ದೇಶಗಳಲ್ಲಿ ಮೂಳೆಯ ಗಡ್ಡೆಗಳಲ್ಲಿ ಇದರ ಪಾಲು ನೂರಕ್ಕೆ ಐದರಷ್ಟಾದರೆ, ಚೀನಾ ಮತ್ತು ದಕ್ಷಿಣ ಭಾರತದ ವರದಿಗಳಲ್ಲಿ ಇಪ್ಪತ್ತರವರೆಗೂ ಹೋಗುತ್ತದೆ. ರೆಡ್ಡಿ ಮತ್ತು ಸಂಗಡಿಗರು ದಕ್ಷಿಣ ಭಾರತದ ಜೈಂಟ್ ಸೆಲ್ ಗಡ್ಡೆಗಳ ಬಗ್ಗೆ 1974ರಲ್ಲಿ ಅಮೆರಿಕದ ಮೂಳೆ ಶಸ್ತ್ರಚಿಕಿತ್ಸೆಯ ಪತ್ರಿಕೆಗೆ ಬರೆದ ಲೇಖನವನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಕೆರೆದು ತೆಗೆದರೂ ಮತ್ತೆ ಬರುವುದುಂಟು, ಅಪರೂಪಕ್ಕೆ ಶ್ವಾಸಕೋಶಕ್ಕೂ ಹೋಗುತ್ತದೆ, ಆದರೂ ಕ್ಯಾನ್ಸರ್ ಅಲ್ಲ. ಒಂದು ಕಾಲದಲ್ಲಿ ಇದಕ್ಕೆ ವಿಕಿರಣ ಕೊಡುತ್ತಿದ್ದರು. ವರ್ಷಗಳ ನಂತರ ಅಲ್ಲೇ ಸಾರ್ಕೋಮ ಹುಟ್ಟಿದ್ದನ್ನು ಕಂಡು ಆದಷ್ಟೂ ಕೈಬಿಟ್ಟರು. ಇದರ ಕೋಶಗಳಲ್ಲಿ ಹತ್ತಕ್ಕೆ ಒಂಬತ್ತು ಸಲ ಒಂದೇ ಜೀನು ಒಂದೇ ಜಾಗದಲ್ಲಿ ಕೆಟ್ಟಿರುತ್ತದೆ ಎಂದು 2013ರಲ್ಲಿ ಗೊತ್ತಾಯಿತು. ಈಗ ಸ್ಲೈಡಿಗೆ ವಿಶೇಷ ಬಣ್ಣ ಹಾಕಿ ಅದನ್ನು ಹಿಡಿಯುತ್ತಾರೆ. ಇನ್ನೂರು ವರ್ಷದ ಚರ್ಚೆ ಒಂದು ಕಂದುಬಣ್ಣದ ಚುಕ್ಕೆಗೆ ಬಂದು ನಿಂತಿದೆ.

ಬಯಾಪ್ಸಿಯೇ ಅನಾಹುತ ಮಾಡಿದ್ದೂ ಉಂಟು. ಬಾಸ್ಟನ್ನಿನ ಹೆನ್ರಿ ಮ್ಯಾಂಕಿನ್ 1982ರಲ್ಲಿ 329 ರೋಗಿಗಳ ಲೆಕ್ಕ ಕೊಟ್ಟರು: ನೂರಕ್ಕೆ 18 ಮಂದಿಯಲ್ಲಿ ರೋಗ ಗುರುತಿಸುವುದರಲ್ಲೇ ದೊಡ್ಡ ತಪ್ಪು, ಒಟ್ಟಾರೆ 15 ಮಂದಿಗೆ ಬೇಡವಾಗಿದ್ದ ಅಂಗಚ್ಛೇದ. ಸೂಜಿ ಅಥವಾ ಚಾಕು ಹೋದ ದಾರಿಯುದ್ದಕ್ಕೂ ಗಡ್ಡೆಯ ಕೋಶಗಳು ಚೆಲ್ಲುತ್ತವೆ. ಕೊನೆಯ ಆಪರೇಷನ್ನಿನಲ್ಲಿ ಆ ದಾರಿಯನ್ನೂ ಕಿತ್ತು ತೆಗೆಯಬೇಕು. ಯಾರು ಕೊನೆಗೆ ಆಪರೇಷನ್ ಮಾಡುತ್ತಾರೋ ಅವರೇ ಅಥವಾ ಅವರನ್ನು ಕೇಳಿಯೇ ಬಯಾಪ್ಸಿ ಮಾಡಬೇಕು ಎಂಬ ನಿಯಮ ಹುಟ್ಟಿದ್ದು ಹೀಗೆ. ತಾಲ್ಲೂಕಿನಲ್ಲಿ ಅಡ್ಡಡ್ಡ ಕೊಯ್ದು ಕಳಿಸಿದ ಕಾಲನ್ನು ಉಳಿಸುವುದು ನಗರದ ಎಂಥ ಸರ್ಜನ್‌ಗೂ ತಲೆನೋವು.

1970ರ ದಶಕದವರೆಗೆ ಆಸ್ಟಿಯೋಸಾರ್ಕೋಮಕ್ಕೆ ಕಾಲು ತೆಗೆದರೂ ಐದರಲ್ಲಿ ನಾಲ್ವರು ಉಳಿಯುತ್ತಿರಲಿಲ್ಲ. ರೋಗ ಅಷ್ಟರಲ್ಲೇ ಕಣ್ಣಿಗೆ ಕಾಣದಂತೆ ಶ್ವಾಸಕೋಶ ಸೇರಿರುತ್ತಿತ್ತು. ಮೆಥೊಟ್ರೆಕ್ಸೇಟ್, ಅಡ್ರಿಯಾಮೈಸಿನ್ ಎಂಬ ಔಷಧಗಳು ಬಂದ ಮೇಲೆ, ಹರಡುವ ಮೊದಲೇ ಸಿಕ್ಕವರಲ್ಲಿ ಮೂವರಲ್ಲಿ ಇಬ್ಬರು ಬದುಕತೊಡಗಿದರು. ಹೆಚ್ಚಿನವರ ಕಾಲೂ ಉಳಿಯತೊಡಗಿತು. ತೆಗೆದ ಮೂಳೆಯ ಜಾಗಕ್ಕೆ ಲೋಹದ ದೊಡ್ಡ ಕೀಲು ಮಾಡುವುದರಲ್ಲಿ ಚೆನ್ನೈನ ಮಯಿಲ್‌ವಾಹನನ್ ನಟರಾಜನ್ ಮುಂದಾದರು. ಹೈದರಾಬಾದಿನ ಕಂಚನ್‌ಬಾಗಿನಲ್ಲಿ 1973ರಲ್ಲಿ ಶುರುವಾದ ಮಿಧಾನಿ, ರಾಕೆಟ್ಟಿಗೆಂದು ಟೈಟಾನಿಯಂ ಕರಗಿಸುತ್ತ, ಮೈಯೊಳಗೆ ಕೂಡಿಸುವ ಸಾಮಾನಿಗೂ ಕೈಹಾಕಿತು.

1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ಗಡಿ ಸರಿಯಿತು, ರೋಗಿಗಳ ದಾರಿ ಸರಿಯಲಿಲ್ಲ. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 1973ರಲ್ಲಿ ಬಂದರೂ ಬೀದರ್‌ನವರಿಗೆ ಅದು ರಾತ್ರಿಯಿಡೀ ಪಯಣ. ಹೈದರಾಬಾದಾದರೆ ಬೆಳಗಿನ ಜೋಳದ ರೊಟ್ಟಿ ಬುತ್ತಿ ಮಧ್ಯಾಹ್ನಕ್ಕೆ ಅಲ್ಲೇ ಬಿಚ್ಚಬಹುದು. ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದು, ಕಂಕುಳಲ್ಲಿ ಫಿಲ್ಮಿನ ದೊಡ್ಡ ಖಾಕಿ ಕವರು ಹಿಡಿದು, ರೆಡ್‌ಹಿಲ್ಸ್ ಎಲ್ಲಿ ಎಂದು ಅರ್ಧ ಕನ್ನಡ ಅರ್ಧ ಉರ್ದುವಿನಲ್ಲಿ ಆಟೋದವನನ್ನು ಕೇಳುವವರು ಈಗಲೂ ಇದ್ದಾರೆ.

ಅವರಿಗೆ ಅರ್ಥವಾಗದ ಸಂಗತಿ ಒಂದೇ: ಬಯಾಪ್ಸಿಯ ಉತ್ತರ ಯಾಕೆ ಇಷ್ಟು ತಡ? ಅಕ್ಕಪಕ್ಕದ ಹಾಸಿಗೆಯವರ ಸ್ತನದ ಗಂಟು, ಬಾಯಿಯ ಹುಣ್ಣಿನ ವರದಿ ಮೂರೇ ದಿನಕ್ಕೆ ಬಂತಲ್ಲ? ಮೂಳೆಯನ್ನು ಹಾಗೆ ಕೊಯ್ಯಲಾಗದು, ಬ್ಲೇಡು ಮುರಿಯುತ್ತದೆ. ತುಣುಕನ್ನು ಫಾರ್ಮಲಿನ್ನಿನಲ್ಲಿ ನೆನೆಸಿ, ಆಮೇಲೆ ಆಸಿಡ್ಡಿನಲ್ಲಿ ಮುಳುಗಿಸಿ, ಸುಣ್ಣವೆಲ್ಲ ಕರಗುವವರೆಗೆ ಕಾಯಬೇಕು. ಲ್ಯಾಬಿನ ಟೆಕ್ನಿಷಿಯನ್ ದಿನಾ ಬೆಳಿಗ್ಗೆ ಬಾಟಲಿಯ ಮುಚ್ಚಳ ತೆಗೆದು, ಗುಂಡುಸೂಜಿ ಚುಚ್ಚಿ ನೋಡುತ್ತಾನೆ. ಸೂಜಿ ಕರಕರ ಎಂದರೆ ಇನ್ನೂ ಒಂದು ದಿನ. ಆತುರಪಟ್ಟು ಆಸಿಡ್ ಹೆಚ್ಚು ಹಾಕಿದರೆ ಕೋಶಗಳ ಬಣ್ಣ ಕೆಟ್ಟು, ಸಾಧುವೋ ಮಾರಕವೋ ಎಂದು ಹೇಳಲೇ ಆಗದಂತಾದೀತು. ಆಸ್ಪತ್ರೆಯ ಕಾಂಪೌಂಡಿನ ನೆರಳಿನಲ್ಲಿ ಚಾಪೆ ಹಾಸಿಕೊಂಡವರು ಕಾಯುತ್ತಿರುವುದು ಆ ಸೂಜಿ ಸದ್ದಿಲ್ಲದೆ ಇಳಿಯುವ ಬೆಳಗಿಗೆ.